ನಕಾಶೆ ಕಂಡ ದಾರಿ, ಕಾರು ಕಾಣದ ದಾರಿ

ನಿಮ್ಮ ಕಾರಿನ ನಕ್ಷೆ ಹಳೆಯದಾಗಿದೆ, ಹೊಸದನ್ನು ಹಾಕಿಸಿಕೊಳ್ಳಿ ಎಂದು ಕಂಪೆನಿಗಳು ಆಗಾಗ ಸಂದೇಶ ಕಳಿಸುತ್ತವೆ. ಕೆಲವು ಕಾರುಗಳಿಗೆ ಮೊದಲ ಕೆಲವು ವರ್ಷ ಇದು ಉಚಿತ, ಆಮೇಲೆ ಚಂದಾ. ಕೆಲವಕ್ಕೆ ಪೆನ್‌ಡ್ರೈವಿಗೆ ಇಳಿಸಿಕೊಂಡು ಹಾಕಬೇಕು, ಕೆಲವಕ್ಕೆ ಸರ್ವೀಸ್ ಸೆಂಟರಿಗೇ ಗಾಡಿ ಒಯ್ಯಬೇಕು, ಈಚಿನ ದುಬಾರಿ ಕಾರುಗಳಿಗಾದರೆ ಗಾಳಿಯಲ್ಲೇ ಬಂದು ಇಳಿಯುತ್ತದೆ. ಇದರಲ್ಲಿ ತಕರಾರು ತೆಗೆಯಲು ಏನಿದೆ ಎಂದು ನೀವು ಕೇಳಬಹುದು. ನನ್ನ ತಕರಾರು ಆ ಸಂದೇಶದ ಒಂದೇ ಒಂದು ಪದದ ಬಗ್ಗೆ. ‘ಹಳೆಯದಾಗಿದೆ’ ಎನ್ನುತ್ತಾರಲ್ಲ, ಹಳೆಯದಾಗಬೇಕಾದರೆ ಒಮ್ಮೆಯಾದರೂ ಹೊಸದಾಗಿರಬೇಕಲ್ಲವೇ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಮ್ಮ ಈ ನಾಲ್ಕು ತಾಲೂಕುಗಳ ಮಟ್ಟಿಗೆ ಆ ನಕ್ಷೆ ಯಾವತ್ತೂ ಹೊಸದಾಗಿರಲೇ ಇಲ್ಲ ಎಂಬುದು ನನ್ನ ವಾದ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗೆ ಸರಿಸೋಣ. ಉಪಗ್ರಹ ನಮಗೆ ದಾರಿ ತೋರಿಸುತ್ತದೆ ಎಂದು ಜನ ಮಾತಾಡುತ್ತಾರೆ. ಉಪಗ್ರಹಕ್ಕೆ ದಾರಿಯೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ಕಾರಿನಲ್ಲಿರುವ ಯಂತ್ರ ನಾಲ್ಕಾರು ಉಪಗ್ರಹಗಳಿಂದ ಬರುವ ಸಮಯದ ಸಂಕೇತಗಳನ್ನು ಹಿಡಿದು, ಭೂಮಿಯ ಮೇಲೆ ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಅಲ್ಲಿಗೆ ಆಕಾಶದ ಕೆಲಸ ಮುಗಿಯಿತು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ತನ್ನ ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆ ಈ ಲೆಕ್ಕ ಸಾಕಷ್ಟು ನಿಖರವಾಗಿದೆ. ನಮ್ಮ ಇಸ್ರೋ ಸಂಸ್ಥೆಯೂ ‘ನಾವಿಕ್’ ಎಂಬ ಸ್ವಂತ ಉಪಗ್ರಹಗಳ ಬಳಗವನ್ನು ಕಟ್ಟಿದೆ. ಆದರೆ ಆ ಚುಕ್ಕಿಯ ಸುತ್ತ ರಸ್ತೆ, ಸೇತುವೆ, ಕೆರೆ, ಊರು ಇವನ್ನೆಲ್ಲ ಬರೆದು ತುಂಬಿದವನು ಮನುಷ್ಯನೇ. ಬರೆದವನು ಬಿಟ್ಟಿದ್ದನ್ನು ಯಂತ್ರ ಕಾಣಲಾರದು. ಹೊಸ ರಸ್ತೆಯ ಮೇಲೆ ನೀವು ಆರಾಮಾಗಿ ಹೋಗುತ್ತಿದ್ದರೂ ಪರದೆಯ ಮೇಲಿನ ಬಾಣ ಯಾರದೋ ಕಡಲೇಕಾಯಿ ಹೊಲದ ನಡುವೆ ಈಜುತ್ತಿರುವುದು ಇದರಿಂದಲೇ.

ಹಾಗಾದರೆ ಬರೆದು ತುಂಬುವವನು ಏನನ್ನು ಮೊದಲು ಬರೆಯುತ್ತಾನೆ? ಪೆಟ್ರೋಲ್ ಬಂಕು, ಎಟಿಎಂ, ಟೋಲ್ ಗೇಟು, ಹೆದ್ದಾರಿಯ ಪಕ್ಕದ ಹೋಟೆಲು. ಬೆಂಗಳೂರಿನಿಂದ ಪುಣೆಗೆ ಹೋಗುವವನಿಗೆ ಶಿರಾ ಎಂದರೆ ಇಡ್ಲಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಮಾತ್ರ. ಅವನಿಗಾಗಿ ಹೆದ್ದಾರಿಯ ಪ್ರತಿ ತಿರುವೂ ತಿದ್ದುಪಡಿಯಾಗುತ್ತದೆ. ಹಳೆಯ 4ನೇ ನಂಬರಿನ ಹೆದ್ದಾರಿ 48 ಆಗಿದ್ದು, 234 ಇದ್ದದ್ದು 69 ಆಗಿದ್ದು ಅವನ ಪರದೆಗೆ ಯಾವತ್ತೋ ಬಂದಿದೆ. ಆದರೆ ಹುಲಿಕುಂಟೆ ಹೋಬಳಿಯಲ್ಲೋ ಮಿಡಿಗೇಶಿಯ ಆಚೆಗೋ ಹೆದ್ದಾರಿ ಬಿಟ್ಟು ಒಳಗೆ ಹೋಗಿ ನೋಡಿ. ಅಲ್ಲಿ ಹಟ್ಟಿಗಳಿವೆ. ಕಾಡುಗೊಲ್ಲರ ಹಟ್ಟಿ, ನಾಯಕರ ಹಟ್ಟಿ, ಲಂಬಾಣಿ ತಾಂಡಾ. ಒಂದೊಂದು ತಾಲೂಕಿನಲ್ಲೂ ಗೊಲ್ಲರಹಟ್ಟಿ ಎಂಬ ಹೆಸರಿನ ಊರುಗಳು ಹಲವಾರಿವೆ. ಯಂತ್ರಕ್ಕೆ ಅವೆಲ್ಲ ಒಂದೇ, ಅಥವಾ ಯಾವುದೂ ಇಲ್ಲ. ವೈ.ಎನ್. ಹೊಸಕೋಟೆಗೆ ಹೋಗಬೇಕಾದವನು ಅವಸರದಲ್ಲಿ ಬರಿ ಹೊಸಕೋಟೆ ಎಂದು ಒತ್ತಿದರೆ ಬೆಂಗಳೂರಿನ ಪಕ್ಕದ ಹೊಸಕೋಟೆ ತಾನೇ ಮೊದಲು ಕೈ ಎತ್ತುವುದು! ದೊಡ್ಡವರಿರುವಾಗ ಚಿಕ್ಕವರಿಗೆ ಮಾತಿಲ್ಲ.

ಈ ತಪ್ಪನ್ನು ಕಂಪೆನಿಯ ಮೇಲಷ್ಟೇ ಹೊರಿಸಿದರೆ ಅನ್ಯಾಯವಾದೀತು. ಸರ್ಕಾರದ ಕಡತದಲ್ಲೇ ಇಲ್ಲದ ಊರನ್ನು ಕಂಪೆನಿ ಎಲ್ಲಿಂದ ತರಬೇಕು? ತಾಂಡಾ, ಹಟ್ಟಿ, ಹಾಡಿ, ಮಜರೆಗಳು ಎಷ್ಟೋ ತಲೆಮಾರು ‘ದಾಖಲೆ ಇಲ್ಲದ ಜನವಸತಿ’ಗಳಾಗಿದ್ದವು. ಅಲ್ಲಿ ಜನ ಹುಟ್ಟುತ್ತಿದ್ದರು, ಮತ ಹಾಕುತ್ತಿದ್ದರು, ಸಾಯುತ್ತಿದ್ದರು, ಆದರೆ ಊರು ಮಾತ್ರ ಇರಲಿಲ್ಲ. ಅವನ್ನು ಕಂದಾಯ ಗ್ರಾಮ ಮಾಡುವ ಕೆಲಸ ಕರ್ನಾಟಕದಲ್ಲಿ ವೇಗ ಪಡೆದದ್ದು ಈಚಿನ ಹತ್ತು ವರ್ಷಗಳಲ್ಲಿ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಗಳ ಕೈಯಿಂದ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಕೊಡಿಸಲಾಯಿತು. ಹಕ್ಕುಪತ್ರ ಬಂತು, ಸಂತೋಷ. ಆ ಊರಿಗೆ ಹೋಗುವ ದಾರಿ ನಕ್ಷೆಗೆ ಬಂತೇ?

ನಕ್ಷೆ ಎಂಬ ಪದ ನಮ್ಮದೇ ಮನೆಯದು ಎಂದು ಉರ್ದು ಶಾಲೆಯಲ್ಲಿ ಓದಿದ ನನ್ನಂಥವರಿಗೆ ಸ್ವಲ್ಪ ಜಂಬ. ನಕ್ಶ್ ಎಂದರೆ ಕೆತ್ತನೆ, ಗುರುತು. ಅರಬಿಯಿಂದ ಫಾರಸಿಗೆ, ಫಾರಸಿಯಿಂದ ಕನ್ನಡಕ್ಕೆ ಬಂದು ನಕ್ಷೆಯೂ ನಕಾಶೆಯೂ ಆಯಿತು. ತಾಲೂಕು, ಜಿಲ್ಲೆ, ಕಸಬಾ, ಸರಹದ್ದು, ಜಮಾಬಂದಿ ಎಲ್ಲವೂ ಅದೇ ದಾರಿಯಲ್ಲಿ ಬಂದವು. ಬಂದ ದಾರಿಯಲ್ಲಿ ಶಿರಾ ಒಂದು ಮುಖ್ಯ ತಂಗುದಾಣ. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಮೊಗಲರು ಇಲ್ಲಿ ತಮ್ಮ ಕರ್ನಾಟಕ ಸುಬಾದ ಕೇಂದ್ರ ಮಾಡಿಕೊಂಡರು. ಬಸವಾಪಟ್ಟಣ, ಬೂದಿಹಾಳ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳ ಲೆಕ್ಕವೆಲ್ಲ ಶಿರಾದ ಕಚೇರಿಯಲ್ಲಿ ಬರೆಯಲ್ಪಡುತ್ತಿತ್ತು. 1761ರಲ್ಲಿ ಹೈದರಾಲಿಯ ಕೈಗೆ ಬರುವತನಕ ಈ ಊರಿಗೆ ಆ ದೊಡ್ಡಸ್ತಿಕೆ ಇತ್ತು. ಇಂದು ಮಲಿಕ್ ರಿಹಾನ್ ದರ್ಗಾ ಮತ್ತು ಜುಮ್ಮಾ ಮಸೀದಿಯ ಕಲ್ಲುಗಳಷ್ಟೇ ಅದಕ್ಕೆ ಸಾಕ್ಷಿ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮೊಗಲರು ನೆಲ ಅಳೆದದ್ದು ಕಂದಾಯಕ್ಕಾಗಿ. ಅಳೆಸಿಕೊಂಡ ರೈತನಿಗೆ ಅದರಿಂದ ಹೆಚ್ಚೇನೂ ಸುಖವಾಗಿರಲಾರದು.

ಅವರ ನಂತರ ಬಂದ ಇಂಗ್ಲಿಷರೂ ಅಷ್ಟೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದದ್ದೇ ತಡ, ಕಾಲಿನ್ ಮೆಕೆಂಜಿ ಮೈಸೂರನ್ನು ಅಳೆಯಲು ಹೊರಟ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶಿರಾ, ಮಧುಗಿರಿಯ ಸೀಮೆಯಲ್ಲಿ ಸುತ್ತಾಡಿ ಬೆಳೆ, ಮಣ್ಣು, ಜಾತಿ, ಸಂತೆಗಳನ್ನೆಲ್ಲ ಬರೆದುಕೊಂಡ. ಗೆದ್ದವರ ಅಳತೆ ಅದು, ಸಂಶಯವಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮೆಕೆಂಜಿ ಕಾವಲಿ ಬೊರಯ್ಯನಂಥವರನ್ನು ಜೊತೆಗಿಟ್ಟುಕೊಂಡು ಊರೂರಿನ ಕೈಫಿಯತ್ತುಗಳನ್ನು ಕೇಳಿ ಬರೆಸಿಕೊಂಡ. ಸಾಮ್ರಾಜ್ಯದ ನೌಕರನಾದರೂ ‘ಈ ಊರಿಗೆ ಏನಂತೀರಿ, ಯಾಕೆ ಹಾಗಂತೀರಿ’ ಎಂದು ಊರಿನವರನ್ನು ಕೇಳಿಸುವ ವ್ಯವಧಾನ ಅವನಿಗಿತ್ತು. ಇಂದಿನ ನಕ್ಷೆ ಕಂಪೆನಿಗೆ ಅಷ್ಟೂ ಇಲ್ಲ.

ಸಾಕ್ಷಿ ಬೇಕೇ? ಹೆಸರುಗಳನ್ನೇ ನೋಡಿ. 2021ರ ಆರಂಭದಲ್ಲಿ ಗೂಗಲ್ ತನ್ನ ನಕ್ಷೆಯ ಹೆಸರುಗಳನ್ನು ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳ ಲಿಪಿಗೆ ಯಂತ್ರದ ಮೂಲಕವೇ ಪರಿವರ್ತಿಸುವುದಾಗಿ ಪ್ರಕಟಿಸಿತು. ಕನ್ನಡದ ಊರು, ಕನ್ನಡದ ಹೆಸರು, ಅದು ಮೊದಲು ಇಂಗ್ಲಿಷಿಗೆ ಹೋಗಿ ಅಲ್ಲಿಂದ ಕುಂಟುತ್ತ ಕನ್ನಡಕ್ಕೆ ಮರಳಬೇಕು! ಇಂಗ್ಲಿಷ್ ಲಿಪಿಯಲ್ಲಿ ಟಕಾರಕ್ಕೂ ತಕಾರಕ್ಕೂ ಭೇದವಿಲ್ಲ, ಳಕಾರಕ್ಕೂ ಲಕಾರಕ್ಕೂ ಇಲ್ಲ. ಹಾಗೆ ಹೋಗಿ ಬಂದರೆ ಕೊರಟಗೆರೆ ‘ಕೊರತಗೆರೆ’ಯಾಗುವುದಕ್ಕೆ ಎಷ್ಟು ಹೊತ್ತು? ಮಳೆ ಕಡಿಮೆಯಾದ ವರ್ಷ ಆ ಹೆಸರು ಒಪ್ಪೀತೇನೋ. ಹಳ್ಳಿಗಳೆಲ್ಲ ಗೋಡೆಯ ಮೇಲಿನ ಹಲ್ಲಿಗಳಾಗುತ್ತವೆ. ಉರ್ದುವಿನಲ್ಲೂ ಳಕಾರವಿಲ್ಲ, ನಮ್ಮ ಕೆಲವು ಮನೆಗಳ ಅಜ್ಜಿಯರು ಹಳ್ಳಿಯನ್ನು ಹಲ್ಲಿ ಎಂದೇ ಅನ್ನುತ್ತಿದ್ದರು, ಅದಕ್ಕೆ ಪೇಟೆಯಲ್ಲಿ ನಗೆಪಾಟಲಾದದ್ದೂ ಉಂಟು. ಸಾಬರ ಅಜ್ಜಿಯನ್ನು ನೋಡಿ ನಕ್ಕವರು ಸಾವಿರಾರು ಕೋಟಿಯ ಯಂತ್ರ ಅದೇ ಮಾತಾಡಿದಾಗ ತಂತ್ರಜ್ಞಾನ ಎಂದು ಕೈ ಮುಗಿಯುತ್ತಾರೆ. ಇನ್ನು ಪಾವಗಡದ ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಹೆಸರುಗಳನ್ನು ಆ ಯಂತ್ರದ ಹೆಣ್ಣುದನಿ ಉಚ್ಚರಿಸುವುದನ್ನು ಕೇಳಿದರೆ ಕನ್ನಡಿಗನಿಗೂ ನೋವು, ತೆಲುಗಿನವನಿಗೂ ನೋವು.

ಹೆಸರು ಬದಲಾಯಿಸುವುದರಲ್ಲಿ ಮಾತ್ರ ನಮ್ಮ ಸರ್ಕಾರಗಳು ಯಾವ ಕಂಪೆನಿಗೂ ಕಡಿಮೆಯಿಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ತುಮಕೂರು ತುಮಕೂರೇ ಆಯಿತು, ಜೊತೆಗೆ ಇನ್ನೂ ಹನ್ನೊಂದು ಊರುಗಳು. ಅದು ಒಳ್ಳೆಯದೇ ಆಯಿತು. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಬದಲಾಯಿಸಲು ಒಂದು ಸಹಿ ಸಾಕು. ಕೊಚ್ಚಿಹೋದ ಮೋರಿಯನ್ನು ನಕ್ಷೆಯಲ್ಲಿ ಕೊಚ್ಚಿಹೋಗಿದೆ ಎಂದು ತೋರಿಸಲು ಯಾರ ಸಹಿ ಬೇಕು?

ಇದು ತಮಾಷೆಯ ಪ್ರಶ್ನೆಯಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪ್ರವಾಹದಲ್ಲಿ ಒಂದು ತುದಿ ಕೊಚ್ಚಿಹೋಗಿದ್ದ ಸೇತುವೆಯ ಮೇಲಿಂದ ಕಾರು ರಾಮಗಂಗಾ ನದಿಯ ಪಾತ್ರಕ್ಕೆ ಬಿದ್ದು ಮೂವರು ಸತ್ತರು. ನಕ್ಷೆಯಲ್ಲಿ ಸೇತುವೆ ಸರಿಯಾಗಿಯೇ ಇತ್ತು. ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳ ಜೊತೆಗೆ ನಕ್ಷೆ ಕಂಪೆನಿಯ ಅಧಿಕಾರಿಯ ಮೇಲೂ ಪೊಲೀಸರು ಪ್ರಕರಣ ದಾಖಲಿಸಿದರು. 2023ರ ಅಕ್ಟೋಬರಿನಲ್ಲಿ ಕೊಚ್ಚಿಯ ಬಳಿ ಇಬ್ಬರು ಯುವ ವೈದ್ಯರು ಮಳೆಯ ರಾತ್ರಿ ಕಾರಿನೊಂದಿಗೆ ಹೊಳೆಯ ಪಾಲಾದರು. 2024ರ ಜೂನಿನಲ್ಲಿ ನಮ್ಮ ಕಾಸರಗೋಡಿನ ಕಡೆ, ಕರ್ನಾಟಕದ ಆಸ್ಪತ್ರೆಗೆಂದು ನಸುಕಿನಲ್ಲಿ ಹೊರಟಿದ್ದ ಇಬ್ಬರು ಯುವಕರ ಕಾರು ತುಂಬಿ ಹರಿಯುವ ಹೊಳೆಗೆ ಇಳಿಯಿತು. ಮರ ಹಿಡಿದುಕೊಂಡು ಬದುಕಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟಿದ್ದ ಬಿಹಾರದ ಕುಟುಂಬವೊಂದು ಖಾನಾಪುರದ ಭೀಮಗಡ ಕಾಡಿನೊಳಗೆ ಸಿಕ್ಕಿಕೊಂಡು, ಫೋನಿಗೆ ಸಿಗ್ನಲ್ಲೂ ಇಲ್ಲದೆ, ಇಡೀ ರಾತ್ರಿ ಕಾರಿನಲ್ಲಿ ಕಳೆಯಿತು. ಇವು ಹೆಚ್ಚಾಗಿ ಫೋನಿನ ನಕ್ಷೆಯ ಪ್ರಸಂಗಗಳು. ಫೋನಿನ ನಕ್ಷೆ ದಿನವೂ ತಿದ್ದುಪಡಿಯಾಗುತ್ತಿರುತ್ತದೆ, ಅದರ ಗತಿಯೇ ಇದು. ಕಾರಿನ ಹೊಟ್ಟೆಯಲ್ಲಿ ಕೂತು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬದಲಾಗುವ ನಕ್ಷೆಯನ್ನು ನಂಬುವವರ ಪಾಡೇನು?

ನನ್ನ ಭಾವನವರದು ಕೈ ಬದಲಾದ ಕಾರು. ಅದರ ನಕ್ಷೆ ತಿದ್ದಿಸಲು ಹೋದರೆ ಸರ್ವೀಸ್ ಸೆಂಟರಿನವರು, ಯಾವುದು ಎಂಬುದು ಇಲ್ಲಿ ಬೇಡ, ಈ ಮಾದರಿಗೆ ಹೊಸ ನಕ್ಷೆ ಬರುವುದು ನಿಂತಿದೆ, ಪರದೆಯನ್ನೇ ಬದಲಾಯಿಸಿ ಎಂದರು. ಇಂಜಿನ್ನು ಇನ್ನೂ ಹತ್ತು ವರ್ಷ ಓಡುವಂತಿದೆ, ಟೈರು ಹೊಸದು, ನಕ್ಷೆ ಮಾತ್ರ ಸತ್ತುಹೋಗಿದೆ. ಕಾರಿನ ಬ್ರೇಕಿನ ಬಿಡಿಭಾಗ ಸಿಗುವುದಿಲ್ಲ ಎಂದರೆ ಜನ ಗಲಾಟೆ ಮಾಡುತ್ತಾರೆ. ನಕ್ಷೆ ಸಿಗುವುದಿಲ್ಲ ಎಂದರೆ ತಲೆ ತಗ್ಗಿಸಿ ಫೋನು ತೆಗೆಯುತ್ತಾರೆ. ಹೊಸ ಕಾರು ಕೊಳ್ಳುವವನ ಊರು ಬದಲಾಗುತ್ತಿರುತ್ತದೆ, ಹಳೆಯ ಕಾರಿನವನ ಊರು ಮಾತ್ರ ಅವನು ಕಾರು ಕೊಂಡ ವರ್ಷಕ್ಕೇ ನಿಂತುಬಿಡಬೇಕು ಎಂಬುದು ಯಾವ ನ್ಯಾಯ? ಕಾರು ರಸ್ತೆಯ ಮೇಲಿರುವಷ್ಟು ಕಾಲ ನಕ್ಷೆಯ ತಿದ್ದುಪಡಿ ಮಾರಿದವನ ಹೊಣೆ ಎಂದು ಕಾನೂನೇ ಆಗಬೇಕು.

ಅದಕ್ಕೆ ಹಣ ಯಾರು ಕೊಡುತ್ತಾರೆ ಎಂದು ಕಂಪೆನಿಗಳು ಕೇಳುತ್ತವೆ. ಕೊಡುತ್ತಿರುವವರು ನಾವೇ. ನಿಮ್ಮ ಜೇಬಿನ ಫೋನು, ಇಂಟರ್‌ನೆಟ್‌ಗೆ ಜೋಡಿಸಿದ ಹೊಸ ಕಾರು, ಇವು ನೀವು ಎಲ್ಲಿ ಹೋದಿರಿ, ಎಷ್ಟು ವೇಗದಲ್ಲಿ ಹೋದಿರಿ, ಎಲ್ಲಿ ನಿಂತಿರಿ ಎಂಬುದನ್ನು ಕ್ಷಣಕ್ಷಣಕ್ಕೂ ಹೇಳುತ್ತಿರುತ್ತವೆ. ಹತ್ತು ಗಾಡಿ ಒಂದು ಹೊಸ ದಾರಿಯಲ್ಲಿ ಹೋದರೆ ಅಲ್ಲಿ ದಾರಿಯಿದೆ ಎಂದು ಕಂಪೆನಿಗೆ ತಿಳಿಯುತ್ತದೆ. ಗೂಗಲ್ 2008ರಲ್ಲಿ ‘ಮ್ಯಾಪ್ ಮೇಕರ್’ ಎಂಬ ವ್ಯವಸ್ಥೆ ತೆರೆದಾಗ ಭಾರತದ ಎಷ್ಟೋ ಹುಡುಗರು ರಾತ್ರಿಯೆಲ್ಲ ಕೂತು ತಮ್ಮೂರಿನ ಬೀದಿಗಳನ್ನು ಬಿಡಿಗಾಸಿಲ್ಲದೆ ಬರೆದು ಕೊಟ್ಟರು. 2017ರಲ್ಲಿ ಅದನ್ನು ಮುಚ್ಚಲಾಯಿತು; ಬರೆದದ್ದು ಕಂಪೆನಿಯ ಬಳಿ ಉಳಿಯಿತು. ರಾಗಿ ನಮ್ಮದು, ಬೀಸಿದವರು ನಾವು, ಮುದ್ದೆಗೆ ಬೆಲೆ ಕಟ್ಟುವವರು ಅವರು. ಹೀಗಿರುವಾಗ ಅದೇ ಮುದ್ದೆಗೆ ಚಂದಾ ಕೇಳುವುದಕ್ಕೆ ಸ್ವಲ್ಪವಾದರೂ ಸಂಕೋಚ ಬೇಡವೇ? 2004ರಲ್ಲಿ ಶುರುವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಮಾತ್ರ ಇದಕ್ಕೆ ಹೊರತು, ಅಲ್ಲಿ ಬರೆದದ್ದು ಎಲ್ಲರದ್ದಾಗಿ ಉಳಿಯುತ್ತದೆ.

ಕೆಲವು ಹಿರಿಯರು ಹೇಳುತ್ತಾರೆ: ಯಂತ್ರವೇಕೆ, ಬಾಯಿ ಇದ್ದವನು ಬರಗಾಲದಲ್ಲೂ ಬದುಕಿಯಾನು, ದಾರಿಯಲ್ಲಿ ಕೇಳಿಕೊಂಡು ಹೋದರಾಗದೇ? ಈ ಮಾತಿನಲ್ಲಿ ಸವಿ ಇದೆ. ನಮ್ಮ ಕಡೆಯ ಜನ ದಾರಿ ಕೇಳಿದರೆ ದಾರಿಯನ್ನಷ್ಟೇ ಹೇಳುವವರಲ್ಲ, ‘ಅಂಗೇ ಹೋಗ್ರಿ ಸಾಬ್ರೇ, ಒಂದು ಅಳ್ಳೀಮರ ಸಿಕ್ತೈತೆ, ಅಲ್ಲಿಂದ ಎಡಕ್ಕೆ ತಿರಿಕ್ಕಳ್ರಿ, ಬಿಸ್ಲು ಬಾಳ ಐತೆ, ಮಜ್ಜಿಗೆ ಕುಡಿದು ಹೋಗ್ರಿ’ ಎನ್ನುವವರು. ಮಜ್ಜಿಗೆ ಕೊಡುವ ನಕ್ಷೆಯನ್ನು ಯಾವ ಕಂಪೆನಿಯೂ ಮಾಡಲಾರದು. ಆದರೂ ಈ ವಾದವನ್ನು ನಾನು ಒಪ್ಪುವುದಿಲ್ಲ. ಹೆರಿಗೆ ನೋವಿನ ಹೆಣ್ಣುಮಗಳನ್ನು ಕೂರಿಸಿಕೊಂಡ 108 ಆಂಬುಲೆನ್ಸಿನ ಚಾಲಕ ನಡುರಾತ್ರಿ ಎರಡು ಗಂಟೆಗೆ ನಾಗಲಮಡಿಕೆಯ ಕಡೆಯ ಕವಲುದಾರಿಯಲ್ಲಿ ಯಾರನ್ನು ಕೇಳಬೇಕು? ಪಾವಗಡದಿಂದ ಜಿಲ್ಲಾಸ್ಪತ್ರೆಗೆ ಸುಮಾರು ನೂರು ಕಿಲೋಮೀಟರ್. ಹಟ್ಟಿ ಹುಡುಕುವುದರಲ್ಲೇ ಅರ್ಧ ಗಂಟೆ ಹೋದರೆ ಅದನ್ನು ಮುಂದಿನ ರಸ್ತೆಯಲ್ಲಿ ಹಿಂದಕ್ಕೆ ಪಡೆಯಲಾಗದು.

ಇನ್ನೊಂದು ಮಾತೂ ಇದೆ, ಹೇಳಲು ಇಷ್ಟವಿಲ್ಲದಿದ್ದರೂ ಹೇಳಬೇಕು. ದಾರಿ ಕೇಳುವುದು ಎಲ್ಲರಿಗೂ ಒಂದೇ ಅಲ್ಲ. ಯಾವ ಊರು, ಯಾರ ಪೈಕಿ, ಯಾರ ಮನೆಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ಎಷ್ಟೋ ಕಡೆ ದಾರಿ ಸಿಗುವುದು. ಮೇಲುಕೇರಿಯ ಜಗಲಿಯ ಮುಂದೆ ನಿಂತು ಕೇಳುವ ದಲಿತ ಹುಡುಗನಿಗೆ, ಕತ್ತಲಾದ ಮೇಲೆ ಗುರುತಿಲ್ಲದ ಊರಿನಲ್ಲಿ ಗಾಡಿ ನಿಲ್ಲಿಸುವ ಗಡ್ಡದವನಿಗೆ, ಒಬ್ಬಳೇ ಸ್ಕೂಟರಿನಲ್ಲಿ ಹೋಗುವ ಶಾಲೆಯ ಮೇಡಮ್ಮಿಗೆ ಈ ಪ್ರಶ್ನೆಗಳ ಭಾರ ಗೊತ್ತು. ಯಂತ್ರ ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ಅದರ ದೊಡ್ಡ ಗುಣವೇ ಅದು. ಅದಕ್ಕೇ ಅದು ಸರಿಯಾಗಿರಬೇಕು ಎಂಬ ಹಟ ನನ್ನದು. ಪಕ್ಷಪಾತವಿಲ್ಲದ ಮಾರ್ಗದರ್ಶಿ ಕುರುಡನಾಗಿದ್ದರೆ ಏನು ಬಂತು?

ಸರಿ ಮಾಡುವ ಸಾಮಗ್ರಿ ಎಲ್ಲಿದೆ? ನಮ್ಮ ತಾಲೂಕು ಕಚೇರಿಗಳ ಭೂಮಾಪನ ಶಾಖೆಯಲ್ಲೇ ಇದೆ. ಪ್ರತಿ ಗ್ರಾಮಕ್ಕೂ ಒಂದು ಗ್ರಾಮನಕ್ಷೆ ಇದೆ. ಅದರಲ್ಲಿ ಸರ್ವೆ ನಂಬರು, ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿ ಎಲ್ಲಕ್ಕೂ ಬೇರೆ ಬೇರೆ ಗುರುತುಗಳಿವೆ. ರೈತರ ಜಗಳಗಳಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತು ಬಹಳ ಬಳಕೆಯಲ್ಲಿದೆ. ನಕಾಶೆ ಕಂಡ ದಾರಿಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡವನನ್ನು ತಹಶೀಲ್ದಾರರು ಬಂದು ತೆರವು ಮಾಡಿಸುತ್ತಾರೆ. ಆದರೆ ಅಲ್ಲೂ ಗಂಟಿದೆ. ನಕಾಶೆಯಲ್ಲಿರುವ ಎಷ್ಟೋ ದಾರಿಗಳು ನೆಲದ ಮೇಲಿಲ್ಲ, ಜನ ದಿನವೂ ನಡೆಯುವ ಎಷ್ಟೋ ದಾರಿಗಳು ನಕಾಶೆಯಲ್ಲಿಲ್ಲ. ನೂರು ವರ್ಷದ ಹಿಂದಿನ ಕಾಗದವೂ ಸುಳ್ಳು ಹೇಳುತ್ತದೆ, ಮೊನ್ನೆ ಮೊನ್ನೆಯ ಪರದೆಯೂ ಹೇಳುತ್ತದೆ. ಇವೆರಡನ್ನೂ ಒಂದರ ಮೇಲೊಂದು ಇಟ್ಟು ನೋಡುವ ಕೆಲಸ ಸ್ವಲ್ಪ ನಡೆದೂ ಇದೆ. ಸರ್ಕಾರದ ‘ದಿಶಾಂಕ್’ ಆ್ಯಪಿನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ಫೋನಿನಲ್ಲೇ ಸಿಗುತ್ತದೆ. ಜಮೀನು ಕೊಳ್ಳುವವರು ಅದನ್ನು ಚೆನ್ನಾಗಿಯೇ ಬಳಸಿಕೊಂಡಿದ್ದಾರೆ. ದಾರಿ ಹುಡುಕುವವನಿಗೆ ಅದರಿಂದ ಉಪಕಾರವಾಗುವಂತೆ ಮಾಡುವ ಯೋಚನೆ ಯಾರಿಗೂ ಬಂದಂತಿಲ್ಲ.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಡುವುದರ ಮೇಲಿದ್ದ ಹಳೆಯ ಅನುಮತಿಗಳ ಕಟ್ಟುಪಾಡನ್ನು ಸಡಿಲಿಸಿತು. ಭಾರತೀಯ ಸಂಸ್ಥೆಗಳು ಯಾರನ್ನೂ ಕೇಳದೆ ನೆಲ ಅಳೆಯಬಹುದು, ಮೀಟರಿಗಿಂತ ಸೂಕ್ಷ್ಮವಾದ ಅಳತೆಯೂ ಅವರಿಗೇ ಎಂದಿತು. 2022ರ ಕೊನೆಯಲ್ಲಿ ರಾಷ್ಟ್ರೀಯ ನೀತಿಯೂ ಬಂತು. ಬಾಗಿಲು ತೆರೆದದ್ದು ನಿಜ. ಆದರೆ ಒಳಗೆ ಹೋದವರು ಮತ್ತೆ ಲಾಭ ಇರುವ ಕಡೆಗೇ ಹೋದರು.

ಲಾಭ ಇರುವ ಕಡೆ ನಕ್ಷೆ ಎಷ್ಟು ಚುರುಕಾಗಿ ಬರೆಯಲ್ಪಡುತ್ತದೆ ಎಂಬುದಕ್ಕೆ ಪಾವಗಡಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಎದ್ದಿತು. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ಣವಾಯಿತು. ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಬರಗಾಲದಲ್ಲಿ ಬೆಂದ ರೈತರಿಗೆ ಅದು ಆಸರೆಯೂ ಆಯಿತು, ಅದನ್ನು ಅಲ್ಲಗಳೆಯಲಾರೆ. ಆ ಪಾರ್ಕು ಆಕಾಶದಿಂದ ಕಾಣುತ್ತದೆ, ನಕ್ಷೆಯಲ್ಲೂ ಕಾಣುತ್ತದೆ. ಆ ಬೇಲಿಯ ಒಳಗೆ ಸೇರಿಹೋದ ಕುರಿದಾರಿಗಳು ಮಾತ್ರ ಮೊದಲೂ ನಕ್ಷೆಯಲ್ಲಿರಲಿಲ್ಲ, ಈಗಲೂ ಇಲ್ಲ. ಜಮೀನಿಲ್ಲದ ಕುರಿಗಾಹಿಗೆ ಗುತ್ತಿಗೆ ಹಣವೂ ಇಲ್ಲ, ತನ್ನ ದಾರಿ ಇಲ್ಲಿತ್ತು ಎಂದು ತೋರಿಸಲು ಗೆರೆಯೂ ಇಲ್ಲ.

ಪಾವಗಡದ ಕಷ್ಟ ಇನ್ನೂ ಒಂದು ಬಗೆಯದು. ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲೂಕು ಅದು. ಮಡಕಶಿರಾ ಸೀಮೆ ನಮಗೂ ಪಾವಗಡಕ್ಕೂ ನಡುವೆ ಮೊಣಕೈ ಊರಿದಂತೆ ಕೂತಿದೆ. ಆ ಮಡಕಶಿರಾ 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯದಾಗಿತ್ತು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯದು. ಎರಡು ರಾಜ್ಯದ ಲೋಕೋಪಯೋಗಿ ಇಲಾಖೆಗಳ ನಡುವಿನ ಗಡಿಯ ರಸ್ತೆಗೆ ಡಾಂಬರು ಹಾಕುವವರೇ ಕಷ್ಟದಲ್ಲಿ ಸಿಗುವಾಗ ಅದರ ಗೆರೆ ತಿದ್ದುವವರು ಯಾರು?

ಗ್ರಾಮ ಪಂಚಾಯತಿಗಳು ತಿದ್ದಬಹುದು. ವರ್ಷದಲ್ಲಿ ಗ್ರಾಮಸಭೆ ನಡೆಯಲೇಬೇಕು, ನಡಾವಳಿ ಬರೆಯಲೇಬೇಕು. ಯಾವ ದಾರಿ ಹೊಸದಾಯಿತು, ಯಾವ ಮೋರಿ ಬಿತ್ತು, ಯಾವ ಹಟ್ಟಿಯನ್ನು ಜನ ಏನೆಂದು ಕರೆಯುತ್ತಾರೆ ಎಂಬ ಪಟ್ಟಿಯನ್ನು ಅಲ್ಲಿಯೇ, ಕನ್ನಡದಲ್ಲಿಯೇ, ಕಾಗುಣಿತ ತಪ್ಪಿಲ್ಲದೆ ಬರೆದು ತಾಲೂಕು ಪಂಚಾಯತಿಗೆ ಕಳಿಸಬಹುದು. ಜಿಲ್ಲಾಡಳಿತ ಅದನ್ನು ಒಂದೆಡೆ ಸೇರಿಸಿ ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳುವಂತೆ ಪ್ರಕಟಿಸಲಿ. ಹಾಗೆ ಪ್ರಕಟವಾದ ಇಂತಿಷ್ಟು ದಿನಗಳಲ್ಲಿ ತಮ್ಮ ನಕ್ಷೆಯಲ್ಲಿ ಸೇರಿಸದ ಕಂಪೆನಿ ಮುಂದಿನ ಅಪಘಾತಕ್ಕೆ ಉತ್ತರ ಕೊಡಬೇಕಾಗುತ್ತದೆ ಎಂದು ರಾಜ್ಯ ಸರ್ಕಾರ ಹೇಳಲಿ. ನಮ್ಮ ನಾಲ್ಕು ತಾಲೂಕುಗಳಿಗೆ ನಾಲ್ಕು ಶಾಸಕರಿದ್ದಾರೆ, ಮಧುಗಿರಿಯಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿಯಿದೆ. ಮಳೆಗಾಲಕ್ಕೆ ಮುಂಚೆ, ಜಯಮಂಗಲಿಯಲ್ಲಿ ನೀರು ಬರುವ ಮುಂಚೆ, ಕೊರಟಗೆರೆ ತಾಲೂಕಿನ ಹಳ್ಳ ದಾಟುವ ರಸ್ತೆಗಳ ಪಟ್ಟಿಯಿಂದ ಇದನ್ನು ಆರಂಭಿಸಬಹುದು.